ಇತರೆ

ಶಾಲೆಯ ಜಿಮ್ಮಿನಲ್ಲಿ ನಕಾಶೆ ಹಾಸಿದ್ದೆವು,
ಬ್ಯಾಸ್ಕೆಟ್‌ಬಾಲಿನ ಗೆರೆಯಿಂದ ಗೆರೆಗೆ.
ಆರು ಕೌಂಟಿ, ಮೇಲಂಚಿಗೆ ಸುಪೀರಿಯರ್ ಸರೋವರ,
ಕೆಳಗೆ ದಪ್ಪಕ್ಷರ: ೨೦೫೦ರ ಗುರಿಗಳು.
ಮುದುರದ ಹಾಗೆ ನಾಲ್ಕು ಮೂಲೆಗೆ
ನಾಲ್ಕು ಸೂಪಿನ ಡಬ್ಬಿ.

ಬಾಗಿಲಲ್ಲಿ ನಿಂತು ತಲೆಗೆ ಐದೈದು ಚುಕ್ಕಿ ಹಂಚಿದೆ,
ಬೇಕಾದಲ್ಲಿ ಅಂಟಿಸಿ ಎಂದೆ.
ಐದೇ ಯಾಕೆ ಅಂದವನು ವರ್ನ್ ಟ್ರೆಲೋರ್.
ಐದೇ. ಹಾಗಂತ ಮೇಲಿನಿಂದ ಬಂದಿದೆ.
ಮಾರ್ಚಿನ ಬೂದು ಹಿಮ ಬೂಟುಗಳಿಗಂಟಿ ಒಳಬಂದು
ದಕ್ಷಿಣದ ಕೌಂಟಿಯೊಂದನ್ನು ಪೂರ್ತಿ ನೆನೆಸಿತು.

ಮಾತಾಡಿದರು. ಮಾತೆಂದರೆ,
ಗುಂಡಿಯಿಂದ ಶುರುವಾಗಿ ಗಂಡನಲ್ಲಿ ಮುಗಿಯುವುದು,
ಸೇತುವೆಯಿಂದ ಶುರುವಾಗಿ
ಗಣಿ ಮುಚ್ಚಿದ ಬೆಳಿಗ್ಗೆ ಅಪ್ಪ ಗಡ್ಡ ಹೆರೆದುಕೊಂಡದ್ದರಲ್ಲಿ.
ವರ್ನ್ ಎದ್ದ: ಹಿಮ ಗೋರುವ ಲಾರಿ
ನಮ್ಮ ರಸ್ತೆಗೆ ಕೊನೆಗೆ ಬರುತ್ತದೆ.
ಕೊನೆಯವನು ಅಂತ ಯಾರೋ ಒಬ್ಬ ಇರಲೇಬೇಕು, ಒಪ್ಪಿದೆ.
ಮೂವತ್ತು ವರ್ಷದಿಂದ ಅದು ನಾನೇ ಯಾಕೆ?

ಲೆನೋರ್ ಡೆನೊಮಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್,
ಹೋಗಲು ಎಪ್ಪತ್ತು ಮೈಲಿ.
ಸೋಮವಾರ ವ್ಯಾನಿದೆ. ಬುಧವಾರ ಇದೆ.
ಶುಕ್ರವಾರ ಮೂತ್ರಪಿಂಡಕ್ಕೆ ರಜೆಯಾ, ಎಂದು ತಾನೇ ನಕ್ಕಳು.
ಬೇರೆ ಯಾರೂ ನಗಲಿಲ್ಲ. ಕಾಫಿ ಯಂತ್ರ ಗೊರಗುಟ್ಟಿತು.
ಬಗ್ಗಿ, ಐದೂ ಚುಕ್ಕಿಯನ್ನು ಆಸ್ಪತ್ರೆಯ ಮೇಲೆ,
ಒಂದರ ಮೇಲೊಂದು, ಹೆಬ್ಬೆರಳಲ್ಲಿ ಒತ್ತಿದಳು.
ಕಂಪ್ಯೂಟರು ಆಮೇಲೆ ಅದನ್ನು
ಒಂದು ಎಂದು ಎಣಿಸಿತು.

ಯಾರದೋ ಮಗು ತನ್ನ ಪಾಲಿನದನ್ನು
ಸರೋವರದ ನಟ್ಟನಡುವೆ ಅಂಟಿಸಿ ಹೋಗಿತ್ತು.
ದೋಣಿ ಸೇವೆಗೆ ಬೇಡಿಕೆ ಇರಬಹುದು
ಎಂದು ಬರೆದುಕೊಂಡ, ಡೆಟ್ರಾಯಿಟಿನಿಂದ ಬಂದ ಸಲಹೆಗಾರ.

ಆಮೇಲೆ ಮೂರು ವಾರ ನಾನು, ನನ್ನ ಪಟ್ಟಿ.
ಒಂದೊಂದು ಮಾತಿಗೂ ಒಂದೊಂದು ಸಂಖ್ಯೆ ಹಚ್ಚಬೇಕು:
ಸುರಕ್ಷತೆ ಒಂದು, ನಿರ್ವಹಣೆ ಎರಡು, ಸಂಪರ್ಕ ಮೂರು.
ಹೊಳೆಗೆ ಸುರಿದರೂ ಅಳೆದು ಸುರಿ ಎಂಬ ಹಾಗೆ
ಅಳೆದೆ, ಅಳೆದೆ,
ಸೇರಿಗೆ ಬಿದ್ದದ್ದಕ್ಕಿಂತ ಚೆಲ್ಲಿದ್ದೇ ಹೆಚ್ಚು.
ವರ್ನನ ಮೂವತ್ತು ಚಳಿಗಾಲ: ಎರಡು.
ಲೆನೋರಳ ಶುಕ್ರವಾರ: ಮೂರು.
ಆ ಗಂಡ ಎಲ್ಲೂ ಕೂರಲಿಲ್ಲ.

ಒಂದು ಚೀಟಿ, ಪೆನ್ಸಿಲಿನದು, ಗೆರೆ ಮೀರಿ ಇಳಿದ ಅಕ್ಷರ:
"ನನಗೆ ತೊಂಬತ್ತೊಂದು. ನಿಮ್ಮ ೨೦೫೦ಕ್ಕೆ ನಾನು ಬರುವುದಿಲ್ಲ.
ಹಳೆಯ ಡೈರಿಯ ತಿರುವಿನಲ್ಲಿ ಬಸ್ಸು ನಿಲ್ಲುತ್ತದೆ,
ಕೂರಲು ಏನೂ ಇಲ್ಲ. ಒಂದು ಬೆಂಚು ಹಾಕಿ.
ಬೆನ್ನಿಗೆ ಒರಗು ಇರಲಿ.
ಸರೋವರಕ್ಕೆ ಮುಖಮಾಡಿ ಬೇಡ, ಅದನ್ನು ನೋಡಿ ಆಗಿದೆ.
ರಸ್ತೆಯ ಕಡೆಗೆ ಹಾಕಿ. ಬರುವವರು ಕಾಣಬೇಕು.
ಹಿಲ್ಮಾ ಲಾಂಪಿನೆನ್."

ಬೆಂಚಿಗೆ ಸಂಖ್ಯೆ ಇರಲಿಲ್ಲ.
ಕಾಲು ಶತಮಾನದ ಯೋಜನೆಗೆ
ನಾಲ್ಕು ಹಲಗೆ, ಎಂಟು ಬೋಲ್ಟು
ತೀರಾ ಹತ್ತಿರದ ಮಾತು.
ಇತರೆ, ಎಂದು ಬರೆದೆ.
ಇತರೆಯಲ್ಲಿ ಆಗಲೇ ಇನ್ನೂರ ಹದಿನಾಲ್ಕು ಇದ್ದವು.

ಜೂನಿನಲ್ಲಿ ಮಂಡಳಿ ಏಳು ಗುರಿಗಳಿಗೆ ಕೈ ಎತ್ತಿತು.
ಐದನೆಯದು: ಎಲ್ಲ ವಯೋಮಾನದವರಿಗೂ ಸುಗಮ ಸಂಚಾರ.
ಗಟ್ಟಿಯಾಗಿ ಓದಿದವಳು ನಾನೇ.
'ಎಲ್ಲ' ಎನ್ನುವಾಗ
ಎಲ್ಲೋ ಒಂದು ಒರಗು ಬೆನ್ನಿಗೆ ತಾಕಿದಂತಾಗಿ
ತಡವರಿಸಿದೆ; ನೀರು ಕುಡಿಸಿದರು.

ಸಂಜೆ ಹಳೆಯ ಡೈರಿಯ ತಿರುವಿನಲ್ಲಿ ಕಾರು ನಿಧಾನವಾಯಿತು.
ಹಾಲಿನ ಕ್ರೇಟೊಂದನ್ನು ಬೋರಲು ಹಾಕಿಕೊಂಡು
ಒಬ್ಬಳು ಮುದುಕಿ, ರಸ್ತೆಗೆ ಮುಖಮಾಡಿ.
ನನ್ನನ್ನು ನೋಡಿ ಕೈ ಎತ್ತಿದಳು.
ನಾನೂ ಎತ್ತಿದೆ,
ಮಂಡಳಿಯವರ ಹಾಗೆ, ನೆಟ್ಟಗೆ,
ಯಾವುದರ ಪರ ಎಂದು ಕೇಳದೆ.

ಎರಡು ಮೈಲಿ ದಾಟಿದ ಮೇಲೆ ಹೊಳೆಯಿತು:
ಬಸ್ಸಿಗೆ ಇನ್ನೂ ನಲವತ್ತು ನಿಮಿಷ.